ಒಂಬತ್ತರಲ್ಲಿ ಆರನೆಯ ಸಾಲು

ಇದು ನಡೆದದ್ದು. ನಡೆದದ್ದೇ ನಡೆದದ್ದು, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹೆಚ್ಚಿದ್ದರೆ ನಾಳೆಯಿಂದ ನನ್ನ ನಾಲಗೆಗೆ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದೆ ಹೋಗಲಿ. ನಾನು ಸುಳ್ಳು ಹೇಳುವವನೇ, ಅದು ನಾವು ಕೂತಿರುವ ಈ ಬೆಂಚಿಗೂ ಗೊತ್ತು. ಆದರೆ ಸುಳ್ಳು ಹೇಳುವಾಗ ನಾನು ನಗುತ್ತೇನೆ. ಈಗ ನನ್ನ ಮುಖ ನೋಡಿ, ನಗುತ್ತಿದ್ದೇನಾ? ಗೋಡೆ ಇನ್ನೂ ಅಲ್ಲೇ ಇದೆ, ಬೇಕಾದರೆ ಹೋಗಿ ಮುಟ್ಟಿ ಬನ್ನಿ. ಬಣ್ಣ ಒಣಗಿ ಬಹಳ ಕಾಲವಾಯಿತು, ಕೈಗೆ ಹತ್ತುವುದಿಲ್ಲ.

ಆಸ್ಪತ್ರೆಯ ಹೊರಗೋಡೆಗೆ ಏಣಿ ಒರಗಿಸಿ ಐದನೆಯ ಮೆಟ್ಟಿಲ ಮೇಲೆ ನಿಂತಿದ್ದ ಪೇಂಟರನ್ನು ಎಲ್ಲರೂ ದೊಡ್ಡಕ್ಷರ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಅವನಿಗೊಂದು ಚಟ: ಖಾಲಿ ಗೋಡೆ ಕಂಡರೆ ಮೊದಲ ಸಾಲನ್ನು ಆನೆಯಷ್ಟು ದೊಡ್ಡದಾಗಿ ಶುರು ಮಾಡುವುದು, ಕೊನೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಇರುವೆ ಹೋದ ಹಾಗೆ ಮುಗಿಸುವುದು. ಒಂದು ಶಾಲೆಯ ಗೋಡೆಯ ಮೇಲೆ ಅವನು ಬರೆದ 'ಮ' ಎಷ್ಟು ದೊಡ್ಡದಾಗಿತ್ತೆಂದರೆ, ಅದು 'ಮ' ಎಂದು ಗೊತ್ತಾಗಲು ಜನ ರಸ್ತೆ ದಾಟಿ, ಎದುರಿನ ಅಂಗಡಿಯೊಳಗೆ ಹೊಕ್ಕು, ಹಿಂಬಾಗಿಲಿನಿಂದ ಹೊರಗೆ ಹೋಗಿ ತಿರುಗಿ ನೋಡಬೇಕಾಗಿತ್ತು. ಅಂಗಡಿಯವನು ಅವನಿಗೆ ಒಂದು ತಿಂಗಳು ಬಿಟ್ಟಿ ಚಹಾ ಕೊಟ್ಟ. ಆ ದಿನ ಅವನು ಬರೆಯುತ್ತಿದ್ದದ್ದು ಹದಿನೈದು ವರ್ಷದಿಂದ ಬರೆಯುತ್ತಾ ಬಂದಿದ್ದನ್ನೇ. ಮೇಲೆ ಕೆಂಪು ಬಣ್ಣದಲ್ಲಿ 'ಕ್ಯಾನ್ಸರ್ ತಡೆಯಲು ಒಂಬತ್ತು ಮಾತು', ಅದರ ಕೆಳಗೆ ನೀಲಿಯಲ್ಲಿ ಆ ಮಾತುಗಳು. ಗೋಡೆಯ ಈ ಕಡೆ ಇದು. ಆ ಕಡೆ, ಇದೇ ಗೋಡೆಯ ಒಳಮುಖಕ್ಕೆ ಬೆನ್ನು ಕೊಟ್ಟು, ಬೆಂಚಿನ ಮೇಲೆ ಅವನ ಹೆಂಡತಿ ಅವಳ ತಂಗಿಯ ಜೊತೆ ಕೂತಿದ್ದಳು. ಎಂಟು ದಿನದ ಹಿಂದೆ ಅವಳ ಎದೆಯೊಳಕ್ಕೆ ಸೂಜಿ ಹಾಕಿ, ಶ್ವಾಸಕೋಶದಲ್ಲಿ ಕಂಡ ಗಂಟಿನಿಂದ ಚೂರು ತೆಗೆದಿದ್ದರು. ಅದು ಏನೆಂದು ಹನ್ನೊಂದು ಗಂಟೆಗೆ ಡಾಕ್ಟರು ಹೇಳುವವರಿದ್ದರು. ಈಗ ಒಂಬತ್ತೂವರೆ.

ಅವನೂ ಒಳಗೇ ಕೂರಬಹುದಿತ್ತು. ಕೂತೂ ಇದ್ದ, ಏಳು ನಿಮಿಷ. ನಾದಿನಿ ಮೂಗಿನ ಹತ್ತಿರ ಕೈ ಆಡಿಸಿ, 'ಭಾವ, ನೀವು ಹೊರಗೇ ಇರಿ. ನಿಮ್ಮ ಅಂಗಿ ಒಳಗೆ ಬಂದ್ರೆ ಚೆನ್ನಾಗಿರೋರೂ ಕೆಮ್ತಾರೆ' ಎಂದಿದ್ದಳು. ಬೆಂಚಿನ ಮೇಲಿದ್ದ ಇಬ್ಬರು ನಕ್ಕರು. ಹೆಂಡತಿ ನಗಲಿಲ್ಲ, ಬೇಡ ಅನ್ನಲೂ ಇಲ್ಲ. ಟರ್ಪಂಟೈನ್ ವಾಸನೆಗೆ ಹೇಳಿದ್ದಿರಬೇಕು ಎಂದು ಅವನು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿಬಿಟ್ಟ. ಪೇಂಟರ್ ಅಂದಮೇಲೆ ಟರ್ಪಂಟೈನ್ ವಾಸನೆ ಇರುವುದೇ. ಅದು ದುಡಿಮೆಯ ವಾಸನೆ, ಅದಕ್ಕೆ ನಾಚಬೇಕಾದ್ದೇನಿದೆ. ಹಾಗೆ ಅಂದುಕೊಳ್ಳುತ್ತಾ ಗೇಟಿನ ಹೊರಗೆ ನಿಂತು ಒಂದು ಸಿಗರೇಟು ಹಚ್ಚಿದ, ಅರ್ಧಕ್ಕೆ ಆರಿಸಿದ, ಆರಿಸಿದ್ದನ್ನು ಬಿಸಾಡಲು ಮನಸ್ಸಾಗದೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ. ಅದು ಈಗಲೂ ಅಲ್ಲೇ ಇತ್ತು. ಏಣಿಯ ಮೇಲೆ ನಿಂತು 'ಹೊಗೆಸೊಪ್ಪು ಯಾವ ರೂಪದಲ್ಲೂ ಬೇಡ' ಎಂಬ ಮೊದಲ ಸಾಲಿಗೆ ನೀಲಿ ತುಂಬುವಾಗ ಅವನ ಕಿವಿಯ ಹಿಂದಿನ ಅರ್ಧ ಸಿಗರೇಟು ದಾರಿಹೋಕರಿಗೆಲ್ಲ ಚೆನ್ನಾಗಿ ಕಾಣುತ್ತಿತ್ತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮುದುಕರೊಬ್ಬರು ನಿಂತು, ಸಾಲುಗಳನ್ನು ಗಟ್ಟಿಯಾಗಿ ಓದಿ, ಅದನ್ನು ನೋಡಿ, 'ಪರವಾಗಿಲ್ಲಪ್ಪ, ಪೆನ್ಸಿಲ್ಲು ಇಡೋ ಜಾಗದಲ್ಲಿ ಇಟ್ಟಿದೀಯ' ಎಂದರು.

ಗೋಡೆ ಬರೆಯುವವರು ಪ್ರತಿ ಗೋಡೆಗೂ ಹೊಸದಾಗಿ ಅಕ್ಷರ ಬಿಡಿಸುತ್ತಾ ಕೂರುವುದಿಲ್ಲ. ಒಮ್ಮೆ ಉದ್ದನೆಯ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಿಟ್ಟುಕೊಳ್ಳುತ್ತಾರೆ. ಕಾಗದವನ್ನು ಗೋಡೆಗೆ ಹಿಡಿದು, ಬಟ್ಟೆಯಲ್ಲಿ ಗಂಟು ಕಟ್ಟಿದ ಇದ್ದಿಲ ಪುಡಿಯನ್ನು ಮೇಲೆ ತಟ್ಟಿದರೆ ಆಯಿತು, ಕಾಗದ ತೆಗೆದಾಗ ಗೋಡೆಯ ಮೇಲೆ ಅಕ್ಷರ ಚುಕ್ಕಿ ಚುಕ್ಕಿಯಾಗಿ ನಿಂತಿರುತ್ತದೆ. ಕುಂಚ ಅದರ ಮೇಲೆ ಹೋದರೆ ಸಾಕು, ತಲೆ ಬೇರೆ ಎಲ್ಲಾದರೂ ಇರಬಹುದು. ಅವನ ತಲೆ ಬೇರೆ ಕಡೆಯೇ ಇತ್ತು. ಹದಿನೈದು ವರ್ಷದ ಹಿಂದೆ, ಈ ಕೆಲಸ ಮೊದಲು ಸಿಕ್ಕಿದಾಗ, ಬಾಡಿಗೆ ಮನೆಯ ಹೊರಕೋಣೆಯಲ್ಲಿ ನೆಲಕ್ಕೆ ಕಂಬಳಿ ಹಾಸಿ, ಮೇಲೆ ಕಾಗದ ಹರಡಿ, ಅವನು ಬರೆದ, ಅವಳು ಚುಚ್ಚಿದಳು. ಅವನ ಬೆರಳಿಗೆ ಸೂಜಿ ಹಿಡಿಯುವ ತಾಳ್ಮೆ ಇರಲಿಲ್ಲ. ಆರು ದಿನ ಚುಚ್ಚಿದಳು. ಗಾಳಿಗೆ ಕಾಗದ ಹಾರುತ್ತದೆ ಎಂದು ಕಿಟಕಿ ಮುಚ್ಚಿದ್ದರು. ಅವನು ಅವಳ ಪಕ್ಕದಲ್ಲೇ ಕೂತು, ಒಂದರ ಬೆಂಕಿಯಲ್ಲಿ ಇನ್ನೊಂದು ಹಚ್ಚುತ್ತಾ, ಅಕ್ಷರಗಳ ನಡುವಿನ ಜಾಗ ಅಳೆಯುತ್ತಿದ್ದ. ಮೂರನೆಯ ದಿನ ಕೋಣೆಯೊಳಗೆ ಹೊಗೆ ಎಷ್ಟಿತ್ತೆಂದರೆ ಗೋಡೆಯ ಮೇಲಿನ ಹಲ್ಲಿ ಕೆಮ್ಮಿತು. ಹೌದು, ಹಲ್ಲಿಯೇ, ಅವನೇ ಹೇಳಿದ್ದು ನನಗೆ, ಅವನು ಸುಳ್ಳು ಹೇಳುವವನಲ್ಲ. ಅವಳು ಕೆಮ್ಮಿದ್ದು ಅದಕ್ಕಿಂತ ಮೊದಲು. 'ಲೇ, ಕೆಮ್ಮಬೇಡ್ವೇ, ಸೂಜಿ ಅಲ್ಲಾಡುತ್ತೆ' ಎಂದಿದ್ದ ಅವನು. ಅವಳು ಉಸಿರು ಬಿಗಿಹಿಡಿದು ಚುಚ್ಚಿದಳು. ಉಸಿರು ಬಿಗಿಹಿಡಿದರೆ ಹೊಗೆ ಒಳಗೆ ಬರುವುದಿಲ್ಲವಲ್ಲ, ಅಷ್ಟು ಹೊತ್ತಾದರೂ ಅವಳ ಎದೆ ಉಳಿಯಿತು ಎಂದು ಈಗ ಏಣಿಯ ಮೇಲೆ ಅವನಿಗೆ ಅನ್ನಿಸಿತು. ಆಮೇಲೆ, ಬಿಟ್ಟ ಮೇಲೆ ಎಳೆದುಕೊಳ್ಳಲೇಬೇಕಲ್ಲ, ಜಾಸ್ತಿಯೇ ಎಳೆದುಕೊಂಡಿರಬೇಕು ಎಂದೂ ಅನ್ನಿಸಿತು.

ಇಲಾಖೆಯವರು ಕೊಟ್ಟ ಹಾಳೆಯಲ್ಲಿ ಒಂಬತ್ತು ಮಾತು ಇತ್ತು. ಅವಳು ಚುಚ್ಚಿದ್ದೂ ಒಂಬತ್ತೇ. ಆದರೆ ಅವನು ಮನೆಯಲ್ಲಿ ಕೂತು ಗೋಡೆ ಅಳೆಯದೆ ದೊಡ್ಡಕ್ಷರದಲ್ಲಿ ಬರೆದಿದ್ದ. ಮೊದಲ ಗೋಡೆಗೆ ಹೋಗಿ ಕಾಗದ ಬಿಚ್ಚಿದರೆ ಎರಡು ಗೇಣು ಜಾಗ ಕಡಿಮೆ. ಒಂದು ಮಾತು ಬಿಡಲೇಬೇಕು. ಅಲ್ಲೇ ನಿಂತು ಒಂದು ಹಚ್ಚಿ ಯೋಚಿಸಿದ. ಆರನೆಯದು ಎರಡು ಗೆರೆ ಹಿಡಿಯುತ್ತಿತ್ತು, ಉಳಿದವೆಲ್ಲ ಒಂದೊಂದು. 'ಸೇದುವವರ ಹೊಗೆ ಪಕ್ಕದಲ್ಲಿ ಕೂತವರಿಗೂ ಹಾನಿ, ಮನೆಯೊಳಗೆ ಸೇದಬೇಡಿ.' ಉದ್ದದ ಸಾಲು ಅದೇ. ಉದ್ದ ಇದ್ದದ್ದಕ್ಕೇ ಬಿಟ್ಟದ್ದು, ಬೇರೆ ಏನೂ ಇಲ್ಲ. ಕಾಗದವನ್ನು ಅಲ್ಲಿ ಒಳಕ್ಕೆ ಮಡಚಿ, ಐದರ ಕೆಳಗೆ ಏಳನ್ನು ತಂದು ಕೂಡಿಸಿ, ಮೇಲೆ ಅಂಟುಪಟ್ಟಿ ಒತ್ತಿದ. ನೋಡಲು ಬಂದ ಅಧಿಕಾರಿ ಕೆಳಗೆ ತನ್ನ ಕಚೇರಿಯ ಹೆಸರು ಇದೆಯೇ ಎಂದಷ್ಟೇ ನೋಡಿ, 'ಅಕ್ಷರ ಗುಂಡಗಿದೆ' ಎಂದು ಮೆಚ್ಚಿ ಹೋದ. ಮಡಿಕೆ ಹಾಗೇ ಉಳಿಯಿತು. ನಲವತ್ತು ಗೋಡೆ ಬರೆದ. ನಲವತ್ತು ಗೋಡೆಯ ಮೇಲೂ ಒಂಬತ್ತು ಮಾತು ಎಂದಿತ್ತು, ಕೆಳಗೆ ಎಂಟೇ ಇದ್ದವು. ಬಸ್ಸು ಕಾಯುವವರು, ರೋಗಿಗಳು, ಮೇಷ್ಟ್ರುಗಳು, ಡಾಕ್ಟರುಗಳು, ಹದಿನೈದು ವರ್ಷ ಅದರ ಮುಂದೆ ನಿಂತರು, ಒರಗಿದರು, ಉಗುಳಿದರು. ಒಬ್ಬರೂ ಎಣಿಸಲಿಲ್ಲ. ಮೊದಮೊದಲು ಯಾರಾದರೂ ಬೆರಳು ಎತ್ತಿದರೆ ಅವನು ಏಣಿಯಿಂದ ಎರಡು ಮೆಟ್ಟಿಲು ಇಳಿದುಬಿಡುತ್ತಿದ್ದ. ಅವರು ಕಾಗೆ ತೋರಿಸುತ್ತಿದ್ದರು.

ಈಗ ಏಳನೆಯದು, ಅಂದರೆ ಆರನೆಯ ಜಾಗದಲ್ಲಿ ಕೂತ ಏಳನೆಯದು. ಹಣ್ಣು ತರಕಾರಿ ದಿನಾ ತಿನ್ನಿ. ಕುಂಚ ಸಾಗುತ್ತಿದ್ದಂತೆ ಅವನು ಒಂದೊಂದು ಸಾಲನ್ನೂ ಹಿಡಿದು ನಿಲ್ಲಿಸಿ ವಿಚಾರಿಸುತ್ತಿದ್ದ, ನೀನೇನಾ, ಹೇಳು, ನೀನೇನಾ. ತರಕಾರಿ ಅವಳು ತಿನ್ನುತ್ತಿದ್ದಳು, ಅವನ ತಟ್ಟೆಯಲ್ಲಿ ಉಳಿದದ್ದನ್ನೂ ತಿನ್ನುತ್ತಿದ್ದಳು. ಮೈ ಭಾರ ಎನ್ನಲು ಅವಳು ಅಳತೆಪಟ್ಟಿಯ ಹಾಗಿದ್ದಳು, ಬಾಗಿಲ ಸಂದಿನಲ್ಲಿ ಬಾಗಿಲು ತೆಗೆಯದೆ ಬರುವಷ್ಟು. ನಡಿಗೆ? ಎರಡು ಮನೆಗೆ ಕೆಲಸಕ್ಕೆ, ಎರಡು ಮೈಲಿ ಹೋಗಿ ಎರಡು ಮೈಲಿ ಬರುತ್ತಿದ್ದಳು. ಕುಡಿತವನ್ನು ಅವಳ ಹತ್ತಿರ ಕೇಳುವುದೇ ತಪ್ಪು. ಹಾಗಾದರೆ ಬಣ್ಣ. ಬಣ್ಣ ಆಗಿರಲಿ ಎಂದು ಅವನು ಎಂಟು ದಿನದಿಂದ ಬೇಡಿಕೊಳ್ಳುತ್ತಿದ್ದ. ಡಬ್ಬಗಳು ಮನೆಯಲ್ಲೇ ಇರುತ್ತಿದ್ದವು, ಮಂಚದ ಕೆಳಗೆ. ಬಣ್ಣದಿಂದ ಆಗಿದ್ದರೆ ತಪ್ಪು ಅವನದ್ದೇ, ಆದರೆ ಅದಕ್ಕೊಂದು ಮರ್ಯಾದೆ ಇತ್ತು: ಬಣ್ಣ ತಂದದ್ದು ಮನೆಗಾಗಿ, ಮಗಳ ಮದುವೆ ಆದದ್ದು ಬಣ್ಣದಿಂದ. ಹೊಗೆ ತಂದದ್ದು ಯಾರಿಗಾಗಿ? ಆ ಪ್ರಶ್ನೆ ಬಂದಾಗೆಲ್ಲ ಅವನು ಕುಂಚ ಅದ್ದಿದ.

'ಏನಪ್ಪ, ಇದರಲ್ಲಿ ಜೋರು ಬಿಸಿಲಲ್ಲಿ ನಿಲ್ಲಬಾರದು ಅಂತಿದೆ' ಎಂದರು ಕೆಳಗಿನಿಂದ ಪ್ಲಾಸ್ಟರಿನ ಮುದುಕರು. ಅವರು ಹೋಗಿರಲೇ ಇಲ್ಲ.

'ಹೌದು ಅಜ್ಜ.'

'ನೀನು ನಿಂತಿದೀಯಲ್ಲ.'

'ಬರಿಯೋರಿಗೆ ಅನ್ವಯಿಸಲ್ಲ ಅಜ್ಜ.'

'ಹಂಗಾ. ಬರಿಯೋರಿಗೆ ಯಾವುದೂ ಅನ್ವಯಿಸಲ್ವಾ?' ಎಂದು ಮುದುಕರು ಸುಮ್ಮನೆ ಕೇಳಿದರು. ಕೇಳಿ ನೆರಳಿಗೆ ಹೋದರು. ಅವರು ಏನೂ ಅರ್ಥ ಇಟ್ಟು ಕೇಳಿರಲಿಲ್ಲ. ಆದರೂ ಅವನ ಕುಂಚ 'ಬಿಸಿಲು' ಎಂಬಲ್ಲಿ ಗೆರೆ ದಾಟಿತು, ಒರೆಸಬೇಕಾಯಿತು.

ಹೋದ ತಿಂಗಳು, ಕೆಮ್ಮು ನಿಲ್ಲದೆ, ಅವನಿಗೂ ಹೇಳದೆ ಅವಳು ಒಬ್ಬಳೇ ಆಸ್ಪತ್ರೆಗೆ ಬಂದು ಎದೆಯ ಫೋಟೋ ತೆಗೆಸಿದ್ದಳು. ಆ ವಾರವೇ ಅವನು ಹೊರಕೋಣೆಗೆ ಸುಣ್ಣ ಹೊಡೆಯಲು ಹೊರಟ. ಬೇರೆಯವರ ಗೋಡೆಗಳನ್ನೇ ಬಳಿಯುತ್ತಾ ತನ್ನ ಮನೆಯ ಗೋಡೆ ನೋಡಿ ಹದಿನೈದು ವರ್ಷವಾಗಿತ್ತು. ಕ್ಯಾಲೆಂಡರ್ ತೆಗೆದರೆ ಅದರ ಹಿಂದೆ ಬೆಳ್ಳಗೆ ಒಂದು ಚೌಕ, ಸುತ್ತ ಎಲ್ಲ ಕಡೆ ಚಹಾ ಚೆಲ್ಲಿದ ಬಣ್ಣ. ಬಣ್ಣದವನಿಗೆ ಬಣ್ಣ ಬೆರೆಸುವುದು ಕಷ್ಟವೇ? ಅವನು ಆ ಬಣ್ಣವನ್ನು ಕಣ್ಣಲ್ಲೇ ಬೆರೆಸಿದ: ಹಳದಿ ಎರಡು ಪಾಲು, ಕಂದು ಒಂದು, ಚೂರು ಕಪ್ಪು. ಆಮೇಲೆ ಕಿಟಕಿಯ ಪಕ್ಕದ ಗೋಡೆ ನೋಡಿದ. ಅಲ್ಲಿ ಕ್ಯಾಲೆಂಡರೂ ಇರಲಿಲ್ಲ, ಏನೂ ತೂಗುಹಾಕಿರಲಿಲ್ಲ. ಆದರೂ ನೆಲದಿಂದ ಎರಡೂವರೆ ಅಡಿ ಎತ್ತರದವರೆಗೆ ಒಂದು ಬಿಳಿ ಜಾಗ ಇತ್ತು. ಕೆಳಗೆ ಅಗಲ, ಮೇಲೆ ಎರಡು ಭುಜ, ಅದರ ಮೇಲೆ ದುಂಡಗೆ ತಲೆ. ಅವಳು ದಿನಾ ಸಂಜೆ ಕಾಲು ಚಾಚಿ ಗೋಡೆಗೆ ಒರಗಿ ಕೂರುವ ಜಾಗ. ಅವನು ಎದುರಿಗೆ ಕೂರುತ್ತಿದ್ದ, ಇಬ್ಬರೂ ರೇಡಿಯೋ ಕೇಳುತ್ತಿದ್ದರು. ಅವಳ ಹಿಂದಿನ ಗೋಡೆ ಒಂದಕ್ಕೇ ಹೊಗೆ ತಗುಲಿರಲಿಲ್ಲ. ಗೋಡೆಗೆ ಹೋಗಬೇಕಾದ್ದು ಎಲ್ಲಿಗೆ ಹೋಗಿರಬೇಕು ಎಂದು ಲೆಕ್ಕ ಹಾಕಲು ಶಾಲೆ ಕಲಿತಿರಬೇಕಾಗಿರಲಿಲ್ಲ. ಸುಣ್ಣದ ಕುಂಚ ಹಿಡಿದು ಅದೊಂದು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಬಳಿದ. ಬಳಿದ ಮೇಲೆ ಎಲ್ಲಾ ಗೋಡೆಯೂ ಅವಳ ಜಾಗದಷ್ಟೇ ಬೆಳ್ಳಗಾಗಿ, ಅವಳ ಆಕಾರ ಎಲ್ಲಿತ್ತೆಂದೇ ತಿಳಿಯದೆ ಹೋಯಿತು. ಅವಳು ಬಂದು, 'ಚೆನ್ನಾಗ್ ಕಾಣುತ್ತೆ' ಎಂದು ಅದೇ ಜಾಗದಲ್ಲಿ ಸರಿಯಾಗಿ ಹೋಗಿ ಕೂತಳು.

ಗುಮಾಸ್ತರು ಬಂದರು. ಆಸ್ಪತ್ರೆಯ ಕೆಲಸಗಳನ್ನೆಲ್ಲ ನೋಡಿಕೊಳ್ಳುವ, ಸೊಂಟದಲ್ಲಿ ಇಪ್ಪತ್ತು ಬೀಗದಕೈ ತೂಗುಹಾಕಿಕೊಂಡ ಗುಮಾಸ್ತರು. ನಡೆದರೆ ಗಾಡಿ ಬಂದ ಹಾಗೆ ಸದ್ದು.

'ದೊಡ್ಡಕ್ಷರ, ಎರಡು ಗಂಟೆಗೆ ದೊಡ್ಡ ಸಾಹೇಬ್ರು ಬರ್ತಾರೆ. ಕೆಳಗಡೆ ಅವರ ಹೆಸರು, ಹುದ್ದೆ, ಎದ್ದು ಕಾಣೋ ಹಂಗೆ ಬರಿ. ಎರಡು ಗೇಣು ಬಿಟ್ಟಿದೀಯ ತಾನೇ?'

'ಬಿಟ್ಟಿದೀನಿ ಸಾರ್.'

'ಮೇಲಿಂದು ಬೇಕಾದ್ರೆ ಚಿಕ್ಕದು ಮಾಡು. ಅದನ್ನ ಯಾರು ಓದ್ತಾರೆ.'

ಬರೆದ. ಕೆಂಪಲ್ಲಿ ಬರೆದ. ಎರಡು ಗೇಣು ಎತ್ತರದ ಸಾಹೇಬರ ಹೆಸರು ಮುಗಿಯುವಷ್ಟರಲ್ಲಿ ನಾದಿನಿ ಗೇಟಿನ ಹತ್ತಿರ ಬಂದು ಕೈ ಬೀಸಿದಳು. ಮುಖದಿಂದ ಏನೂ ತಿಳಿಯಲಿಲ್ಲ. ಅವಳ ಮುಖ ಯಾವಾಗಲೂ ಅವನ ಮೇಲೆ ಸಿಟ್ಟಿನಲ್ಲೇ ಇರುತ್ತಿದ್ದರಿಂದ ಅದರಲ್ಲಿ ಸುದ್ದಿ ಹುಡುಕಲು ಆಗುತ್ತಿರಲಿಲ್ಲ. 'ನಿಮ್ಮನ್ನೂ ಕರೀತಿದಾರೆ' ಎಂದಳು. 'ಕಿವಿ ಹಿಂದೆ ಇರೋದನ್ನ ತೆಗೀರಿ ಭಾವ, ಸ್ವಲ್ಪ ನಾಚಿಕೆ ಇರ್ಲಿ.'

ತೆಗೆದ. ಎಸೆಯಲು ಜಾಗ ಕಾಣದೆ ಜೇಬಿಗೆ ಹಾಕಿಕೊಂಡ. ಒಳಗೆ ಡಾಕ್ಟರ ಮೇಜಿನ ಈ ಕಡೆ ಎರಡೇ ಕುರ್ಚಿ ಇದ್ದವು. ಹೆಂಡತಿ ಒಂದರಲ್ಲಿ, ನಾದಿನಿ ಒಂದರಲ್ಲಿ. ಅವನು ತೂಕದ ಯಂತ್ರದ ಪಕ್ಕದಲ್ಲಿ ನಿಂತ, ಕಾಲು ಅದರ ಮೇಲೆ ಬಿತ್ತೋ ಏನೋ, ಮುಳ್ಳು ಟಕ್ಕೆಂದು ಅಲ್ಲಾಡಿತು, ಎಲ್ಲರೂ ತಿರುಗಿ ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನಿಧಾನ. ಗಂಟು ಕ್ಯಾನ್ಸರೇ ಹೌದು ಎಂದರು. ಚಿಕ್ಕದಿದೆ, ಒಂದೇ ಕಡೆ ಇದೆ, ಬೇರೆಲ್ಲೂ ಹರಡಿದ ಹಾಗೆ ಕಾಣುತ್ತಿಲ್ಲ, ಆಪರೇಷನ್ ಮಾಡಬಹುದು ಎಂದರು. ನಾದಿನಿ ಅಳಲು ಶುರು ಮಾಡಿದಳು. ಹೆಂಡತಿ ಅವಳ ಬೆನ್ನು ತಟ್ಟಿ ಸಮಾಧಾನ ಮಾಡಿದಳು. ಅವನು ಯಂತ್ರದ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದನ್ನು ನೋಡುತ್ತಿದ್ದ.

'ಬೇಗ ಬಂದ್ರಿ, ಒಳ್ಳೇದಾಯ್ತು' ಎಂದರು ಡಾಕ್ಟರು ಅವಳಿಗೆ. 'ಎಷ್ಟೋ ಜನ ಕೆಮ್ಮು ಅಂತ ವರ್ಷಗಟ್ಟಲೆ ಔಷಧಿ ನುಂಗ್ತಾ ಇರ್ತಾರೆ. ನಿಮಗೆ ಯಾರು ಹೇಳಿದ್ರು?'

'ಗೋಡೆ ಮೇಲೆ ಬರ್ದಿದೆಯಲ್ಲ ಡಾಕ್ಟ್ರೇ' ಎಂದಳು ಅವಳು. 'ಮೂರು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ರೆ ತೋರ್ಸಿ ಅಂತ. ಒಂಬತ್ತನೇದು.'

ಡಾಕ್ಟರಿಗೆ ಸಂತೋಷವಾಯಿತು. 'ನೋಡಿ, ಗೋಡೆ ಬರಹನೂ ಓದೋರಿದಾರೆ' ಎಂದರು. ಅವನಿಗೆ ಆ ಒಂದು ಕ್ಷಣ ಎದೆ ಉಬ್ಬಿತು, ಉಬ್ಬಿದ್ದಕ್ಕೆ ನಾಚಿಕೆಯೂ ಆಯಿತು. ಆಗಲೇ ಡಾಕ್ಟರು ಹಳೆಯ ಕಾಗದ ತಿರುವಿ ಓದಿದರು: 'ಮನೇಲಿ ಸೇದೋರು ಯಾರೂ ಇಲ್ಲ ಅಂತ ಬರ್ಸಿದೀರಿ.'

'ಇಲ್ಲ' ಎಂದಳು ಹೆಂಡತಿ. ನಿಂತ ನೀರಿನ ಹಾಗೆ ಹೇಳಿದಳು. ಹೋದ ತಿಂಗಳು ನರ್ಸ್ ಮುಂದೆಯೂ ಹೀಗೇ ಹೇಳಿರಬೇಕು. ನಾದಿನಿಯ ಅಳು ನಿಂತುಹೋಯಿತು. ಕೋಣೆಯಲ್ಲಿದ್ದ ನಾಲ್ಕು ಮೂಗುಗಳಲ್ಲಿ ನಾಲ್ಕಕ್ಕೂ ವಾಸನೆ ಬರುತ್ತಿತ್ತು. ಡಾಕ್ಟರು ತಲೆ ಎತ್ತಿ ಅವನನ್ನು ನೋಡಿದರು, ಅವನ ಹಳದಿ ಬೆರಳುಗಳನ್ನು ನೋಡಿದರು, ಪೆನ್ನು ಹಿಡಿದು ಕಾದರು. ಆ ಪೆನ್ನು ಕಾಗದದಿಂದ ಒಂದು ಅಂಗುಲ ಮೇಲಿತ್ತು.

'ನಾನು ಸೇದ್ತೀನಿ' ಎಂದ. 'ಮೂವತ್ತು ವರ್ಷ ಆಯ್ತು. ಮನೆ ಒಳಗೇ ಸೇದ್ತೀನಿ. ಕಿಟಕಿ ಮುಚ್ಕೊಂಡು.' ಕಿಟಕಿಯ ಮಾತು ಯಾರೂ ಕೇಳಿರಲಿಲ್ಲ.

ಡಾಕ್ಟರು ಬರೆದುಕೊಂಡರು. ಅಷ್ಟೇ. ಅವನು ಕಾದ. ಬೈಯುತ್ತಾರೆ ಎಂದು ಮೈ ಬಿಗಿಮಾಡಿಕೊಂಡಿದ್ದ. ಬೈಗುಳ ಬಾರದೆ ಮೈ ಹಾಗೇ ಬಿಗಿಯಾಗಿ ಉಳಿಯಿತು.

'ಹಾಗಾದ್ರೆ ನನ್ನಿಂದ್ಲೇ ಬಂತಾ?'

'ಹಾಗೆ ಹೇಳೋಕೆ ಆಗಲ್ಲ. ಪಕ್ಕದಲ್ಲಿದ್ದೋರಿಗೆ ಅಪಾಯ ಹೆಚ್ಚುತ್ತೆ, ಅದು ನಿಜ. ಆದ್ರೆ ಇವ್ರಿಗೆ ಇದ್ರಿಂದಾನೇ ಬಂತು ಅಂತ ಯಾರೂ ಬೆರಳಿಟ್ಟು ತೋರ್ಸೋಕಾಗಲ್ಲ.'

'ಹಂಗಾದ್ರೆ ನನ್ನಿಂದ ಬರ್ಲಿಲ್ಲ?'

'ಅದನ್ನೂ ಹೇಳೋಕೆ ಆಗಲ್ಲ.'

'ಬಣ್ಣದಿಂದ? ಮಂಚದ ಕೆಳಗೆ ಡಬ್ಬ ಇಡ್ತೀನಿ ಡಾಕ್ಟ್ರೇ. ಇಪ್ಪತ್ತು ಡಬ್ಬ.'

'ಅದೂ ಒಳ್ಳೇದಲ್ಲ, ಹೊರಗಿಡಿ' ಎಂದರು ಡಾಕ್ಟರು. 'ಒಮ್ಮೊಮ್ಮೆ ಏನೂ ಕಾರಣ ಸಿಗೋದಿಲ್ಲ. ಏನೂ ಮಾಡದೋರಿಗೂ ಬರುತ್ತೆ. ಈಗ ಯಾಕೆ ಬಂತು ಅಂತ ಕೂತ್ರೆ ಆಗಲ್ಲ, ಇನ್ಮೇಲೆ ಇವರ ಹತ್ರ ಹೊಗೆ ಸುಳೀಬಾರ್ದು. ಆಪರೇಷನ್ನಿಗೆ ಮುಂಚೆನೂ, ಆಮೇಲೂ.'

ಅವನು ತಲೆ ಆಡಿಸಿದ. ತಪ್ಪಿತಸ್ಥ ಅಂದಿದ್ದರೆ ತಲೆ ತಗ್ಗಿಸಿ ಹೋಗಬಹುದಿತ್ತು, ಅಲ್ಲ ಅಂದಿದ್ದರೆ ಎತ್ತಿಕೊಂಡು ಹೋಗಬಹುದಿತ್ತು. ಈಗ ತಲೆಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಬಾಗಿಲ ಚೌಕಟ್ಟಿಗೆ ಬಡಿಸಿಕೊಂಡ. 'ನಿಧಾನ ರೀ' ಎಂದಳು ಹೆಂಡತಿ. ಕ್ಯಾನ್ಸರ್ ಆದವಳು ಅವಳು, ಅವನ ಹಣೆ ಉಜ್ಜಿದವಳೂ ಅವಳೇ.

ಹೊರಗೆ ಬಂದರು. ನಾದಿನಿ ರಿಕ್ಷಾ ಕರೆಯಲು ಗೇಟಿನ ಆಚೆ ಹೋದಳು. ಹೆಂಡತಿ ಸೆರಗು ಹೊದ್ದುಕೊಂಡು ಗೋಡೆಯ ಮುಂದೆ ನಿಂತಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಬಲಗೈಯ ಹೆಬ್ಬೆರಳು ಬೆರಳಿನ ಗಿಣ್ಣುಗಳ ಮೇಲೆ ಒಂದೊಂದಾಗಿ ಓಡುವುದನ್ನು ಅವನು ನೋಡಿದ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಎಣಿಸುತ್ತಿದ್ದರು.

'ಎಂಟು' ಎಂದಳು.

ಅವನು ಕುಂಚ ತೊಳೆಯತೊಡಗಿದ. ಅದಾಗಲೇ ತೊಳೆದದ್ದಾಗಿತ್ತು. 'ನಿನಗೆ ಗೊತ್ತಿತ್ತಾ?'

'ಚುಚ್ಚಿದ್ಯಾರು?'

'ಯಾವಾಗಿಂದ ಗೊತ್ತು?'

'ಮೊದಲನೇ ಗೋಡೆಯಿಂದ. ಕೆಲಸಕ್ಕೆ ಹೋಗೋ ದಾರೀಲೇ ಇತ್ತಲ್ಲ. ದಿನಾ ಓದ್ತಿದ್ದೆ.'

'ಮತ್ತೆ ಹೇಳೋದಲ್ವೇನೇ!' ಅವನ ದನಿ ಏರಿತು. ಅವಳದ್ದೇ ತಪ್ಪು ಎನ್ನುವಷ್ಟು ಏರಿತು.

'ಏನಂತ ಹೇಳ್ಲಿ? ಹೇಳಿದ್ರೆ ಜಾಗ ಇರ್ಲಿಲ್ಲ ಅಂತಿದ್ರಿ.'

ಜಾಗ ಇರಲಿಲ್ಲ ಎಂಬ ಮಾತು ನಿಜವಾಗಿಯೂ ಅವನ ನಾಲಗೆಯ ತುದಿಯಲ್ಲಿತ್ತು. ಬಗ್ಗಿ ಕಾಗದದ ಸುರುಳಿ ಎತ್ತಿಕೊಂಡ. ಅಂಟುಪಟ್ಟಿ ಒಣಗಿ ಗಟ್ಟಿಯಾಗಿತ್ತು, ಉಗುರು ಹಾಕಿ ಕಿತ್ತ. ಮಡಿಕೆ ಬಿಚ್ಚಿತು. ಬೇರೆ ಸಾಲುಗಳೆಲ್ಲ ನಲವತ್ತು ಗೋಡೆಯ ಇದ್ದಿಲು ತಿಂದು ಕಪ್ಪಗೆ ಜಿಡ್ಡಾಗಿದ್ದವು. ಆರನೆಯದು ಹೊಚ್ಚ ಹೊಸದು. ಕಾಗದ ಬೆಳ್ಳಗೆ, ತೂತುಗಳು ನಿನ್ನೆ ಚುಚ್ಚಿದ ಹಾಗೆ. ಬಿಸಿಲಿಗೆ ಹಿಡಿದಾಗ ಬೆಳಕು ಅಷ್ಟೂ ತೂತುಗಳಿಂದ ತೂರಿ ಅವಳ ಸೀರೆಯ ಮೇಲೆ ಬಿತ್ತು. 'ಹೊಗೆ' ಎಂಬಲ್ಲಿ, 'ಗೆ'ಯ ಬೆನ್ನಿನ ಮೇಲೆ, ನಾಲ್ಕೈದು ತೂತು ಸಾಲು ಬಿಟ್ಟು ಆಚೆ ಹಾರಿದ್ದವು. ಅವನು ಆ ಜಾಗ ನೋಡಿದ. ಅವಳೂ ನೋಡಿದಳು. ಅವಳು ಕೆಮ್ಮಿದ ಜಾಗ ಅದು.

ಗೋಡೆಯ ಮೇಲೆ ಖಾಲಿ ಜಾಗ ಎಲ್ಲೂ ಇರಲಿಲ್ಲ. ಕೆಳಗೆ ಎರಡು ಗೇಣು ಎತ್ತರ, ಕೆಂಪಗೆ, ಇನ್ನೂ ಹಸಿಯಾಗಿ ಸಾಹೇಬರ ಹೆಸರು. ಅವನು ಟರ್ಪಂಟೈನ್ ಡಬ್ಬಕ್ಕೆ ಬಟ್ಟೆ ಅದ್ದಿ ಒರೆಸತೊಡಗಿದ. ಹುದ್ದೆ ಮೊದಲು ಹೋಯಿತು, ಆಮೇಲೆ ಹೆಸರು. ಒಣ ಬಟ್ಟೆಯಿಂದ ಇನ್ನೊಮ್ಮೆ ಉಜ್ಜಿ, ಸುಣ್ಣದ ಕುಂಚ ಎಳೆದ. ಅದು ಬಿಸಿಲಿಗೆ ಒಣಗುವವರೆಗೆ ಇಬ್ಬರೂ ಅಲ್ಲೇ ನಿಂತರು. ನಾದಿನಿ ತಂದ ರಿಕ್ಷಾ ಬಂದು ನಿಂತು, ಬೈದು, ಹೊರಟುಹೋಯಿತು.

'ಕಾಗದ ನಾನು ಹಿಡ್ಕೋತೀನಿ' ಎಂದಳು ಹೆಂಡತಿ.

'ಬೇಡ, ದೂರ ನಿಲ್ಲು. ಇದ್ದಿಲ ಪುಡಿ ಹಾರುತ್ತೆ, ಎದೆಗೆ ಹೋಗುತ್ತೆ.'

ಅವಳು ಅವನನ್ನು ನೋಡಿದಳು.

'ಇವಾಗ?' ಎಂದಳು.

ಅದೊಂದೇ ಮಾತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಅದಕ್ಕಿಂತ ದೊಡ್ಡ ಬೈಗುಳ ಬೈದದ್ದಿಲ್ಲ. ಬೈದು, ಸೆರಗು ಮೂಗಿಗೆ ಸುತ್ತಿಕೊಂಡು, ಹತ್ತು ಹೆಜ್ಜೆ ಆಚೆ ಹೋಗಿ, ಪ್ಲಾಸ್ಟರಿನ ಮುದುಕರ ಪಕ್ಕದಲ್ಲಿ ನೆರಳಲ್ಲಿ ಕೂತಳು. ಅವನೇ ಕಾಗದವನ್ನು ಮೊಣಕೈಯಿಂದ ಒತ್ತಿ ಹಿಡಿದು ಪುಡಿ ತಟ್ಟಿದ, ತೆಗೆದ, ನೀಲಿ ಕುಂಚ ಎತ್ತಿಕೊಂಡ. 'ಗೆ'ಯ ಹತ್ತಿರ ಬಂದಾಗ ಕೈ ತಾನಾಗಿ ಗೆರೆಯನ್ನು ನೆಟ್ಟಗೆ ಮಾಡಲು ಹೋಯಿತು. ಅದು ಕಲಿತ ಕೈ. ಅವನು ಅದನ್ನು ತಡೆದ. ಚುಕ್ಕಿ ಎಲ್ಲಿಗೆ ಹಾರಿತ್ತೋ ಅಲ್ಲಿಗೇ ಕುಂಚ ಒಯ್ದ, ಅದು ತಿರುಗಿ ಬಂದ ಕಡೆಗೇ ತಿರುಗಿಸಿಕೊಂಡು ಬಂದ. ಅಕ್ಷರದ ಬೆನ್ನಿನ ಮೇಲೆ ಒಂದು ಗೂನು ಎದ್ದು ನಿಂತಿತು.

'ಆ ಅಕ್ಷರ ಸೊಟ್ಟಗಾಯ್ತಪ್ಪ' ಎಂದರು ಮುದುಕರು.

'ಅದು ಹಂಗೇ ಇರೋದು ಅಜ್ಜ' ಎಂದಳು ಅವಳು.

ಗಾಡಿ ಬಂದ ಹಾಗೆ ಸದ್ದು ಮಾಡುತ್ತಾ ಗುಮಾಸ್ತರು ಓಡಿ ಬಂದರು. ಗೋಡೆಯ ಕೆಳಭಾಗ ನೋಡಿ ಅವರ ಇಪ್ಪತ್ತು ಬೀಗದಕೈಯೂ ಒಟ್ಟಿಗೆ ನಿಂತವು. 'ಅಯ್ಯೋ! ಸಾಹೇಬ್ರ ಹೆಸರು ಎಲ್ಲೋ? ಎರಡು ಗಂಟೆಗೆ ಬರ್ತಾರೆ, ಹೆಸರೆಲ್ಲೋ?'

ಅವನು ಕುಂಚ ತೊಳೆದು, ಒರೆಸಿ, ಡಬ್ಬದ ಮುಚ್ಚಳ ಹಾಕಿದ.

'ಜಾಗ ಇರ್ಲಿಲ್ಲ ಸಾರ್' ಎಂದ.

ನೆರಳಿನಲ್ಲಿ ಕೂತಿದ್ದ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು, ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಅವನಿಗೆ ತಿಳಿಯಲಿಲ್ಲ. ಜೇಬಿನಲ್ಲಿದ್ದ ಅರ್ಧ ಸಿಗರೇಟು ಅಷ್ಟರಲ್ಲಿ ಪುಡಿಪುಡಿಯಾಗಿ ಅವನ ಬೆರಳಿಗೆ ಅಂಟಿತ್ತು.

ಅವಳ ಎದೆಯಿಂದ ಒಂದು ಮುಷ್ಟಿಯಷ್ಟು ತೆಗೆದರು. ಈಗಲೂ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಅವನನ್ನು ಬೈಯುತ್ತಾಳೆ. ಉಸಿರಿಗೆ ನಿಂತಳೋ, ಬೈಯಲು ನಿಂತಳೋ, ಯಾರಿಗೂ ಹೇಳುವುದಿಲ್ಲ. ಅವನು ಮನೆಯೊಳಗೆ ಸೇದುವುದನ್ನು ಅವತ್ತೇ ಬಿಟ್ಟ. ಪೂರ್ತಿ ಬಿಡಲು ಎರಡೂವರೆ ವರ್ಷ ಹಿಡಿಯಿತು, ನಡುವೆ ಮೂರು ಸಲ ಸುಳ್ಳು ಹೇಳಿದ, ಮೂರು ಸಲವೂ ಸಿಕ್ಕಿಬಿದ್ದ. ಡಬ್ಬಗಳು ಈಗ ಮಂಚದ ಕೆಳಗಿಲ್ಲ. ಹಳೆಯ ಗೋಡೆಗಳಿಗೆ ಒಂದೊಂದಾಗಿ ಹೋಗಿ, ಯಾರೂ ಕರೆಯದೆ, ಯಾರೂ ಕೂಲಿ ಕೊಡದೆ, ಎಲ್ಲಾದರೂ ಒಂದು ಮೂಲೆ ಸಿಕ್ಕಿದರೆ ಆರನೆಯ ಸಾಲು ಬರೆದು ಬರುತ್ತಾನೆ. ಒಂದು ಕಡೆ ಗೋಡೆ ಸಾಲದೆ ಪಕ್ಕದಲ್ಲಿ ನಿಂತಿದ್ದ ಎಮ್ಮೆಯ ಮೇಲೆ ಮುಂದುವರಿಸಿದ ಎಂದು ಜನ ಹೇಳುತ್ತಾರೆ. ಅದನ್ನು ನಾನು ನೋಡಿಲ್ಲ, ನಂಬಬೇಡಿ. ಉಳಿದದ್ದೆಲ್ಲ ನಂಬಿ. ಎಲ್ಲಾ ಕಡೆಯೂ 'ಗೆ' ಸೊಟ್ಟಗೇ ಇದೆ.

ನನ್ನ ಮುಖ ಯಾಕೆ ಹಾಗೆ ನೋಡುತ್ತೀರಿ? ನಾನು ನಗುತ್ತಿಲ್ಲ. ಇಷ್ಟು ಹೊತ್ತು ಬಾಯಿ ಒಣಗಿಸಿಕೊಂಡು ಹೇಳಿದ್ದಕ್ಕೆ ನಿಮ್ಮಿಂದ ಚಹಾ ಬೇಡ, ಕಾಸು ಬೇಡ. ಕಥೆ ಕೇಳುತ್ತಾ ಕೇಳುತ್ತಾ ನೀವು ಎರಡು ಸೇದಿ ಮುಗಿಸಿದಿರಿ, ಪಕ್ಕದಲ್ಲಿ ಕೂತಿದ್ದವನು ನಾನು. ಆ ಎರಡರಲ್ಲೂ ನನಗೆ ಪಾಲು ಬಂದಿದೆ, ನಾನು ಕೇಳದೆ ಬಂದಿದೆ. ಆದ್ದರಿಂದ ಆ ಪೊಟ್ಟಣವನ್ನು ಇಲ್ಲಿ ನನ್ನ ಕೈಗೆ ಕೊಡಿ, ಉಳಿದದ್ದಕ್ಕೆ ಏನು ಗತಿ ಕಾಣಿಸಬೇಕೋ ನಾನು ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು, ದಯವಿಟ್ಟು ಎದ್ದು ಆ ಕಿಟಕಿ ತೆಗೆಯಿರಿ.